ಮೆಲ್ಬರ್ನ್ ಫ್ಲ್ಯಾಟಿನ ಮುಂಗಡ

ಗೆಳೆಯರೇ, ಕುವೈತಿನ ಬ್ಯಾಂಕುಗಳು ನನ್ನನ್ನು ಕೇಳಿಯೇ ಬಡ್ಡಿ ಏರಿಸುತ್ತವೆ, ಇಳಿಸುತ್ತವೆ. ಮೆಲ್ಬರ್ನಿನ ಬ್ಯಾಂಕು ಮಾತ್ರ ಕೇಳಲಿಲ್ಲ. ನಾನು ಮುಂಗಡ ಕೊಟ್ಟಿದ್ದ ಫ್ಲ್ಯಾಟು ಕಟ್ಟಿ ಮುಗಿದ ಮೇಲೆ, ಹೊರದೇಶದ ಸಂಬಳಕ್ಕೆ ಇನ್ನು ಸಾಲವಿಲ್ಲ ಎಂದು ಇಂದು ಹೇಳಿಬಿಟ್ಟಿತು. ಸಾಲವಿಲ್ಲದಿದ್ದರೆ ಮುಂಗಡ ಬಿಲ್ಡರನ ಪಾಲು.

ಅಮೆರಿಕದಲ್ಲಿ ಮನೆ ಕೊಂಡಿರುವ, ಇಲ್ಲಿ ಕುವೈತಿನ ಅರ್ದಿಯಾದಲ್ಲಿರುವ ನಮ್ಮ ವರ್ಕ್‌ಶಾಪಿನ ಮಲ್ಲಣ್ಣನನ್ನು ಹಿಡಿದೆ.

“ಸಾಲ ಸಿಗದಿದ್ರ ಮುಂಗಡ ವಾಪಸ್ ಬರತೈತಿ ಅಂದಿದ್ದೆಲ್ಲೋ ಮಲ್ಯಾ!”

“ಅದು ಅಮೆರಿಕಾದಾಗ, ಕಾಕಾ. ಅಲ್ಲಿ ಕರಾರಿನ್ಯಾಗ ಹಂಗ ಬರಸ್ತೀವಿ. ನಿಮ್ಮ ಕರಾರು ಓದಿದ್ರೇನು?”

“ಎರಡೂ ಡಾಲರ್ ದೇಶ, ಮತ್ತೇನ್ ಓದೋದು?”

“ಹಂಗಾರ ಖಲಾಸ್, ಕಾಕಾ.”

ಹೆಂಡತಿಗೆ ಐನೂರು ದಿನಾರ್ ಹೋಯಿತು ಎಂದಿದ್ದೇನೆ. ಆಕೆ ನನ್ನ ಪೋಸ್ಟು ಓದುವುದಿಲ್ಲ, ನಿಮಗಾದರೂ ನಿಜ ಹೇಳುತ್ತೇನೆ: ಊರಿಗೆ ಮರಳಲೆಂದು ಇಬ್ಬರೂ ಕೂಡಿಟ್ಟಿದ್ದ ಒಂಬತ್ತು ಸಾವಿರ ದಿನಾರ್ ಪೂರ್ತಿ ಹೋಯಿತು.