ಹೊರಗೆ ಮಲಗಿದ್ದ ಮಗು

ಕಾಫಿ ಅಂಗಡಿಯ ಹೊರಗೆ, ಸಾಲಾಗಿ ನಿಲ್ಲಿಸಿದ್ದ ಸೈಕಲ್ಲುಗಳ ಪಕ್ಕದಲ್ಲಿ, ಮೂರು ಮಕ್ಕಳನ್ನು ಚಳಿಗೆ ಬಿಟ್ಟಿದ್ದರು. ದೊಡ್ಡ ಗಾಲಿಯ ಮೂರು ತಳ್ಳುಗಾಡಿಗಳು, ಒಂದೊಂದರಲ್ಲೂ ಒಂದೊಂದು ಹಸುಗೂಸು. ಕಾವಲಿಗೆ ಯಾರೂ ಇರಲಿಲ್ಲ. ಜನ ತಿರುಗಿಯೂ ನೋಡದೆ ಹಾದುಹೋಗುತ್ತಿದ್ದರು.

ನಾವು ಕೋಪನ್‌ಹೇಗನ್‌ಗೆ ಬಂದು ಐದು ತಿಂಗಳಾಗಿತ್ತು. ನನ್ನ ಗಂಡ ಲೋಕೇಶ್ ಪೀಣ್ಯದ ಶೆಡ್ಡೊಂದರಲ್ಲಿ ಹನ್ನೊಂದು ವರ್ಷ ಲೇತ್ ನಡೆಸಿದವರು. ಇಲ್ಲಿ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಟಿ. ದಾಸರಹಳ್ಳಿಯ ಮನೆಯಲ್ಲಿ ಕಿಟಕಿ ತೆಗೆದರೆ ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂದು ತಿಳಿಯುತ್ತಿತ್ತು. ಇಲ್ಲಿ ಎದುರು ಮನೆಯವರ ಮುಖವನ್ನೇ ನಾನಿನ್ನೂ ನೋಡಿರಲಿಲ್ಲ. ಆ ಶನಿವಾರ ಮೊದಲ ಸಲ ಬರೀ ಊರು ನೋಡುವುದಕ್ಕೆಂದು ಹೊರಟೆವು: ನಾವಿಬ್ಬರು, ಆರು ವರ್ಷದ ಮಾನ್ಯ, ತಳ್ಳುಗಾಡಿಯಲ್ಲಿ ಒಂದೂವರೆ ವರ್ಷದ ಪುಟ್ಟ, ಡಬ್ಬಿಯಲ್ಲಿ ಚಿತ್ರಾನ್ನ.

ಕಾಲುವೆ ನೋಡಿದೆವು. ಅರಮನೆಯ ಫೋಟೊ ಇದೆ, ನೋಡಿದ ನೆನಪಿಲ್ಲ. ಬೆಂಚಿನ ಮೇಲೆ ಕೂತು ತಿಂದ ಚಿತ್ರಾನ್ನ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿತ್ತು, ಅದು ನೆನಪಿದೆ. ಆಮೇಲೆ ಆ ಅಂಗಡಿ.

ಮೂರನೆಯ ಗಾಡಿಯ ಕೂಸು ಅಳತೊಡಗಿತು. ನಾನು ನಿಂತುಬಿಟ್ಟೆ.

"ನಡಿಯೇ, ಯಾರ್ದೋ ಮಗು," ಎಂದರು ಲೋಕೇಶ್.

"ಎಂಗ್ರೀ ಓಗೋದು? ಇಂಗ್ ಬಿಟ್ಬುಟ್ ಓಗವ್ಳಲ್ಲ, ಎಂಥಾ ತಾಯಿ ಅವ್ಳು!"

"ಲೇ, ಇದು ದಾಸರಹಳ್ಳಿ ಅಲ್ಲ ಕಣೇ. ಮುಟ್ಬೇಡ."

ನಾನು ಬೆಳೆದ ಮಾಕಳಿಯ ಬೀದಿಯಲ್ಲಿ, ಅಳುವ ಮಗು ಯಾರದೆಂದು ಕೇಳಿ ಎತ್ತಿಕೊಳ್ಳುತ್ತಿರಲಿಲ್ಲ. ಮೊದಲು ಸೊಂಟಕ್ಕೆ ಏರಿಸಿಕೊಂಡು ಆಮೇಲೆ ಕೇಳುತ್ತಿದ್ದರು. ಎತ್ತದೆ ಹೋದವಳ ಬಗ್ಗೆ ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದರು. ನಾನು ಗಾಡಿಯ ಪಟ್ಟಿ ಬಿಚ್ಚಿ ಕೂಸನ್ನು ಹೆಗಲಿಗೆ ಹಾಕಿಕೊಂಡೆ. ಅದು ನನ್ನ ಕೈಗಿಂತ ಬೆಚ್ಚಗಿತ್ತು. ಆಗಲೇ ನನಗೆ ಅರ್ಥವಾಗಬೇಕಿತ್ತು.

ಅಂಗಡಿಯ ಬಾಗಿಲು ತೆರೆದು ಒಬ್ಬಳು ಓಡಿ ಬಂದು, ನನ್ನ ಹೆಗಲಿಂದ ಕೂಸನ್ನು ಎತ್ತಿಕೊಂಡಳು. "ಹಾನ್ ಸೋವ್," ಎಂದಳು. ಅವನು ನಿದ್ದೆ ಮಾಡುತ್ತಿದ್ದ ಎಂದರ್ಥ. ಬಾರ್ನೆವೋನ್ ಎಂದು ಕರೆಯುವ ಆ ಗಾಡಿಯಲ್ಲಿ ಇಲ್ಲಿನವರು ಕೂಸುಗಳನ್ನು ಹೊರಗೇ ಮಲಗಿಸುತ್ತಾರೆ, ತಣ್ಣನೆಯ ಗಾಳಿಗೆ ಒಳ್ಳೆಯ ನಿದ್ದೆ ಬರುತ್ತದಂತೆ. ಅಳುವಿನ ಸದ್ದನ್ನು ತಾಯಿಗೆ ಮುಟ್ಟಿಸುವ ಯಂತ್ರ ಗಾಡಿಯಲ್ಲೇ ಇರುತ್ತದೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಕಂಡದ್ದು ಒಂದೇ: ಒಂದು ಕೈಯಲ್ಲಿ ಅವಳು ಮಗುವನ್ನು ಅಪ್ಪಿ ಹಿಡಿದಿದ್ದಳು, ಇನ್ನೊಂದರಲ್ಲಿ ಫೋನ್ ಇತ್ತು.

ಪೊಲೀಸರು ಬಂದರೆ? ಮಕ್ಕಳನ್ನು ತಂದೆತಾಯಿಯಿಂದ ಬೇರೆ ಮಾಡಿ ಕರೆದೊಯ್ದ ಕತೆಗಳು ಇಲ್ಲಿನ ನಮ್ಮವರ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿದ್ದವು. ನಾನು ಪುಟ್ಟನ ಗಾಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಲೋಕೇಶ್ ಸಾರಿ, ಸಾರಿ ಎನ್ನುತ್ತಲೇ ಇದ್ದರು. ಆಗ ಮಾನ್ಯ ಮುಂದೆ ಬಂದು ಶಾಲೆಯಲ್ಲಿ ಕಲಿತ ಡ್ಯಾನಿಷ್‌ನಲ್ಲಿ ಎರಡು ವಾಕ್ಯ ಹೇಳಿದಳು. ಆ ತಾಯಿ ಅವಳನ್ನು ನೋಡಿದಳು, ನನ್ನನ್ನು ನೋಡಿದಳು, ಫೋನನ್ನು ಜೇಬಿಗೆ ಹಾಕಿಕೊಂಡಳು.

ಅತ್ತೆಗೆ ಫೋನಿನಲ್ಲಿ ಹೇಳುವಾಗ, ಆ ತಾಯಿ ನಕ್ಕು ನನ್ನ ತೋಳು ಸವರಿದಳು ಎಂದೆ. ಹೇಳಿ ಹೇಳಿ ಈಗ ಆ ನಗು ನನ್ನ ಕಣ್ಣಿಗೆ ಕಟ್ಟಿದೆ. ಅವಳು ನಗಲೇ ಇಲ್ಲ ಎನ್ನುತ್ತಾರೆ ಲೋಕೇಶ್. ಮಗುವನ್ನು ಎತ್ತಿದ್ದು ತಾವೇ ಎಂದೂ ಅವರು ಹೇಳುತ್ತಾರೆ; ನನ್ನ ಮೇಲೆ ಬರುವುದನ್ನು ತಮ್ಮ ಮೇಲೆ ಹಾಕಿಕೊಳ್ಳುವುದು ಅವರಿಗೆ ಅಭ್ಯಾಸ. ನಮ್ಮಿಬ್ಬರಲ್ಲಿ ಯಾರನ್ನು ನಂಬಬೇಕೋ ನನಗೂ ಗೊತ್ತಿಲ್ಲ.

ಮೆಟ್ರೋದಲ್ಲಿ ಮಾನ್ಯಳನ್ನು ಕೇಳಿದೆ: "ಏನಂದೆ ಮಗಳೇ ಅವ್ರಿಗೆ?"

"ಅಮ್ಮಂಗೆ ಗೊತ್ತಿಲ್ಲ, ಅಮ್ಮ ಇಲ್ಲಿಯವಳಲ್ಲ ಅಂದೆ."

"ಮತ್ತೆ ನೀನು?"

ಅವಳು ಕಿಟಕಿಯ ಕಡೆ ತಿರುಗಿದಳು. ಅಲ್ಲಿ ಸುರಂಗದ ಕತ್ತಲೆ ಬಿಟ್ಟರೆ ನೋಡಲು ಏನೂ ಇರಲಿಲ್ಲ.

ಎರಡು ತಿಂಗಳಾದ ಮೇಲೆ, ಒಂದು ಮಧ್ಯಾಹ್ನ, ನಾನೂ ಪುಟ್ಟನನ್ನು ಅದೇ ರೀತಿ ಹೊರಗೆ ಮಲಗಿಸಿದೆ. ಲೈಬ್ರರಿಯ ಗಾಜಿನ ಹಿಂದೆ ಕೂತು, ತೆರೆದ ಪುಸ್ತಕದ ಒಂದು ಸಾಲೂ ಓದದೆ, ಗಾಡಿಯನ್ನೇ ನೋಡುತ್ತಿದ್ದೆ. ಒಂದೂಕಾಲು ಗಂಟೆ ಅವನು ಮಿಸುಕಾಡಲಿಲ್ಲ. ದಾಸರಹಳ್ಳಿಯಲ್ಲಿ, ಬಂದವರೆಲ್ಲ ಕೆನ್ನೆ ಹಿಂಡುವ ಮನೆಯಲ್ಲಿ, ಅವನು ಹಾಗೆ ಎಂದೂ ಮಲಗಿರಲಿಲ್ಲ. ಗೆದ್ದೆ ಅನ್ನಿಸಿತು. ಯಾರನ್ನು ಗೆದ್ದೆ ಎಂದು ಕೇಳಿಕೊಳ್ಳಲಿಲ್ಲ.

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆವು. ದಾಸರಹಳ್ಳಿಯ ದಿನಸಿ ಅಂಗಡಿಯ ಮುಂದೆ ಪುಟ್ಟ ಎಡವಿ ಬಿದ್ದ. ನಾನು ಬಗ್ಗುವಷ್ಟರಲ್ಲಿ ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ವಯಸ್ಸಾದ ಹೆಂಗಸು ಅವನನ್ನು ಎತ್ತಿ ಸೊಂಟಕ್ಕೆ ಏರಿಸಿಕೊಂಡಿದ್ದಳು. ನಾನು ಕಿತ್ತುಕೊಂಡೆ. ತೆಗೆದುಕೊಂಡೆ ಎಂದು ಬರೆಯಲು ನೋಡಿದೆ, ಆಗಲಿಲ್ಲ.

"ಏನವ್ವಾ, ನಾನೇನ್ ಎತ್ಕೊಂಡ್ ಓಡೋಗ್ಬಿಡ್ತೀನಾ? ಯಾವೂರು ನಿಂದು?"

"ಇಲ್ಲೇ, ಮಾಕಳಿ."

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಮಾಕಳಿಯೋಳಾ? ಆಗಿರ್ಬೋದು ಬಿಡು," ಎಂದು ಮತ್ತೆ ಹೂವಿಗೆ ಕೈ ಹಾಕಿದಳು.

ಮರುದಿನ ಪುಟ್ಟನನ್ನು ಎತ್ತಿಕೊಂಡು ಅವಳ ಹತ್ತಿರ ಹೋದೆ. ಎರಡು ಮೊಳ ಕನಕಾಂಬರ ಕೇಳಿ, ಅವನನ್ನು ಅವಳ ಕಡೆ ಚಾಚಿದೆ. ಅವಳು ಕೈ ಒರೆಸಿಕೊಂಡು, "ಬಾರಪ್ಪಾ ಸಾಮಿ," ಎಂದು ಎರಡೂ ಕೈ ನೀಡಿದಳು. ಪುಟ್ಟ ನನ್ನ ಕುತ್ತಿಗೆಯನ್ನು ಬಿಗಿಯಾಗಿ ತಬ್ಬಿಕೊಂಡ.

"ಓಗು ಮಗ, ಅಜ್ಜಿ ಕಣೋ," ಎಂದೆ.

"ಬರಾಕಿಲ್ಲ ಬಿಡವ್ವ, ಸುಮ್ಕೆ ಅಳಿಸ್ಬೇಡ," ಎಂದಳು ಅವಳು, ನೀಡಿದ ಕೈಗಳಿಂದಲೇ ಹೂವನ್ನು ಅಳೆಯುತ್ತಾ.