ಬೇಸ್‌ಮೆಂಟಿನ ಮೀಸೆಮೀನುಗಳು

ಸಿಯಾಟಲ್ ಸುತ್ತಮುತ್ತಲ ಕನ್ನಡಿಗರಲ್ಲಿ ಸುಲೋಚನಮ್ಮನ ಕೈಯೂಟ ಉಣ್ಣದವರನ್ನು ಹುಡುಕುವುದು ಕಷ್ಟ. ಗಂಡ ಶ್ರೀಧರ ರಾಯರು ಇನ್ನೂ ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ಕಾಲಕ್ಕೆ, ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಶುರುವಾದ ಭಾನುವಾರದ ಊಟ ಅದು. ರಾಯರು ವಿಮಾನ ಕಟ್ಟುವ ಕಂಪನಿ ಸೇರಿದರು, ಮಿಲ್ ಕ್ರೀಕಿನಲ್ಲಿ ಮನೆ ಮಾಡಿದರು, ರಿಟೈರೂ ಆದರು. ಊಟ ಮಾತ್ರ ನಿಲ್ಲಲಿಲ್ಲ. ಬೆಂಗಳೂರಿನಿಂದ ಮೊನ್ನೆ ಬಂದಿಳಿದ ಹುಡುಗನಿರಲಿ, ಕೆಲಸ ಹೋಗಿ ಮುಖ ಸಪ್ಪಗೆ ಮಾಡಿಕೊಂಡವನಿರಲಿ, ಆಯಮ್ಮನ ಕೈಗೆ ಸಿಕ್ಕರೆ ಮುಗಿಯಿತು. ಸಾಕು ಸಾಕು ಎಂದು ತಟ್ಟೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ಬಿಸಿಬೇಳೆಬಾತು ಬಡಿಸಿಬಿಡುವ ಪೈಕಿ.

ಇಂಥವರ ಮನೆಯಲ್ಲಿ ಒಬ್ಬ ಹೆಂಗಸು ಹಸಿದು ಸವೆದು ಹೋದಳು ಎಂದರೆ ನೀವು ನಂಬುತ್ತೀರಾ? ಯಾರೂ ನಂಬುವುದಿಲ್ಲ. ಹಾಗೆಂದು ಯಾರೂ ಆಡಿಕೊಂಡೂ ಇಲ್ಲ. ಸುಲೋಚನಮ್ಮ ಒಬ್ಬರೇ ಮೂರು ವರ್ಷದಿಂದ ತಮಗೆ ತಾವೇ ಅಂದುಕೊಳ್ಳುತ್ತಿದ್ದಾರೆ.

ಆ ಹೆಂಗಸು ವಸಂತಲಕ್ಷ್ಮಿ, ರಾಯರ ಅಕ್ಕ. ಮೈಸೂರಿನಲ್ಲಿ ಅಪ್ಪ ಅಮ್ಮನನ್ನು ನೋಡಿಕೊಳ್ಳುತ್ತಾ ಮದುವೆಯ ವಯಸ್ಸು ದಾಟಿಸಿಕೊಂಡು, ಅವರಿಬ್ಬರೂ ತೀರಿಕೊಂಡ ಮೇಲೆ ಐವತ್ತೆರಡನೆಯ ವಯಸ್ಸಿಗೆ ತಮ್ಮನ ಮನೆಗೆ ಬಂದವರು. ಬೇಸ್‌ಮೆಂಟಿನ ಮೆಟ್ಟಿಲಿಳಿದರೆ ಬಲಕ್ಕೆ ಅವರ ಕೋಣೆ. ಭಾನುವಾರದ ಊಟದ ಹೆಸರು ಸುಲೋಚನಮ್ಮನದು. ಮಸಾಲೆ ಹುರಿಯುವುದು, ತರಕಾರಿ ಹೆಚ್ಚುವುದು, ಕೊನೆಗೆ ಬೆಟ್ಟದಷ್ಟು ಪಾತ್ರೆ ತೊಳೆಯುವುದು ವಸಂತಕ್ಕ. ಎಲ್ಲರದೂ ಆದಮೇಲೆ ಉಳಿದದ್ದನ್ನು ಒಂದು ತಟ್ಟೆಗೆ ಬಳಿದುಕೊಂಡು ಕೆಳಗೆ ಹೋಗುತ್ತಿದ್ದರು. ನಮ್ಮ ಜೊತೆ ಕೂತ್ಕೊಳ್ಳಿ ಎಂದರೆ, "ನಂಗೆ ತಳ ಹಿಡಿದಿದ್ದೇ ಇಷ್ಟ ಕಣೇ, ನೀವು ಮಾಡಿ" ಅನ್ನುವರು.

ಸುಲೋಚನಮ್ಮ ದಿನಾ ಸಂಜೆ ಮೆಟ್ಟಿಲ ಮೇಲಿಂದ ಕೂಗುವರು, "ವಸಂತಕ್ಕಾ, ಊಟ ಆಯ್ತಾ?" ಕೆಳಗಿನಿಂದ ಉತ್ತರ ಬರುವುದು, "ಆಯ್ತು." ಕೇಳಬೇಕಾದದ್ದು ಕೇಳಿದ್ದಾಯಿತು, ಹೇಳಬೇಕಾದದ್ದು ಹೇಳಿದ್ದಾಯಿತು. ಹತ್ತೊಂಬತ್ತು ವರ್ಷ ಹೀಗೇ ನಡೆಯಿತು.

ಒಂದು ಭಾನುವಾರ ವಸಂತಕ್ಕ ಸಿಂಕಿನ ಬಳಿಯೇ ಕುಸಿದರು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಇವರಿಗೆ ಅನ್ನ ನುಂಗಲಾಗದೆ ಎಷ್ಟು ದಿನವಾಯಿತು ಎಂದು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಗಂಟಲಿನ ಕೆಳಗೆ ಗಡ್ಡೆ. ತಿಂಗಳುಗಟ್ಟಲೆ ಮಜ್ಜಿಗೆ, ಗಂಜಿ ತಿಳಿಯಲ್ಲೇ ಜೀವ ಹಿಡಿದಿದ್ದರಂತೆ. ಮೂರು ವಾರಕ್ಕೆ ಹೋಗಿಬಿಟ್ಟರು.

ಆಮೇಲೆ ಬಟ್ಟೆ ತೆಗೆದಿಡುವಾಗ ಅವರ ರವಿಕೆಗಳು ಸಿಕ್ಕವು. ಪ್ರತಿಯೊಂದರ ಒಳಗೂ ಒಂದರ ಪಕ್ಕ ಒಂದು ಮೂರು ಸಾಲು ಹೊಲಿಗೆ. ಮೈ ಇಳಿದಂತೆಲ್ಲ ಹಿಡಿದು ಹಿಡಿದು ಹೊಲಿದುಕೊಂಡಿದ್ದರು. ಮೇಲೊಂದು ಸ್ವೆಟರು. ಈ ಊರಿನಲ್ಲಿ ಸ್ವೆಟರ್ ಹಾಕಿಕೊಂಡವರನ್ನು ಯಾಕೆ ಎಂದು ಕೇಳುವವರುಂಟೇ? ಸುಲೋಚನಮ್ಮ ಆ ಹೊಲಿಗೆಗಳ ಮೇಲೆ ಬೆರಳಾಡಿಸುತ್ತಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಭಾನುವಾರದ ಊಟ ಅಲ್ಲಿಗೆ ನಿಂತಿತು. ಡಾಕ್ಟರ ಪ್ರಶ್ನೆಯನ್ನು ಗಂಡ ಹೆಂಡತಿ ಮತ್ತೆಂದೂ ಬಾಯಿಗೆ ತರಲಿಲ್ಲ. ರಾಯರಂತೂ ಆ ಮೆಟ್ಟಿಲನ್ನೇ ಇಳಿಯುವುದು ಬಿಟ್ಟರು.

ಹೀಗಿರುವಾಗ ಮೀನುಗಳು ಬಂದವು. ಮಗ ಕೌಶಿಕ್‌ನನ್ನು ಆಫೀಸಿನವರು ಒಂದು ವರ್ಷಕ್ಕೆಂದು ಲಂಡನ್‌ಗೆ ಕಳಿಸಿದರು. ಅವನ ಮಗಳು ಚಿನ್ಮಯಿಗೆ ಹತ್ತು ವರ್ಷ; ಅವಳ ಜೀವವೆಲ್ಲ ಅಕ್ವೇರಿಯಂನಲ್ಲೇ. ಅಜ್ಜಿಯ ಮನೆಗಲ್ಲದೆ ಇನ್ನೆಲ್ಲಿಗೆ ಹೋಗಬೇಕು ಅದು? "ಅಮ್ಮಾ, ನೂರು ಲೀಟರ್ ನೀರಿನ ಭಾರ, ಕಾಂಕ್ರೀಟ್ ನೆಲಾನೇ ಬೇಕು" ಎಂದು ಕೌಶಿಕ್ ಅದನ್ನು ಕೆಳಗೆ ಒಯ್ದು ಇಟ್ಟ. ಇಟ್ಟಿದ್ದು ವಸಂತಕ್ಕನ ಕೋಣೆಯಲ್ಲಿ. ಸುಲೋಚನಮ್ಮನಿಗೆ ಅದು ಬೇಡವಾಗಿತ್ತು. ಆದರೆ ಬೇಡ ಎನ್ನಲು ಕಾರಣವೇನೆಂದು ಹೇಳುವುದು?

ತೊಟ್ಟಿಯ ಮೇಲ್ಭಾಗದಲ್ಲಿ ಬಣ್ಣ ಬಣ್ಣದ ಟೆಟ್ರಾ, ಗಪ್ಪಿಗಳು. ತಳದಲ್ಲಿ ಆರು ಪುಟ್ಟ ಕ್ಯಾಟ್‌ಫಿಶ್, ಹೆಬ್ಬೆರಳುದ್ದದವು, ಬಾಯಿಯ ಸುತ್ತ ಸಣ್ಣ ಮೀಸೆ. ಚಿನ್ಮಯಿ ಅವುಗಳನ್ನು ಕೋರಿ ಅನ್ನುತ್ತಿದ್ದಳು. ಸುಲೋಚನಮ್ಮನಿಗೆ ಅವು ಮೀಸೆಮೀನು. ಇವಕ್ಕೇನು ಹಾಕೋದು ಪುಟ್ಟಾ ಎಂದು ಕೇಳಿದ್ದಕ್ಕೆ ಮೊಮ್ಮಗಳು ಫೋನಿನಿಂದ ತಲೆಯೆತ್ತದೆ, "ದೇ ಈಟ್ ಲೆಫ್ಟೋವರ್ಸ್, ಅಜ್ಜಿ. ಡೋಂಟ್ ವರಿ" ಎಂದಳು. ಮಿಕ್ಕಿದ್ದನ್ನು ತಿಂದುಕೊಂಡು ಇರುತ್ತವೆ, ಚಿಂತೆ ಯಾಕೆ?

ಆ ಮಾತು ಕೇಳಿದಾಗಲೇ ಎಚ್ಚರಾಗಬೇಕಿತ್ತು. ಆಗಲಿಲ್ಲ ನೋಡಿ. ಕೌಶಿಕ್ ತಳಕ್ಕೆ ಮುಳುಗುವ ಗುಳಿಗೆಯ ಡಬ್ಬಿಯೊಂದನ್ನು ಬಿಟ್ಟುಹೋಗಿದ್ದ. ಸುಲೋಚನಮ್ಮ ಕನ್ನಡಕ ಏರಿಸಿ ಲೇಬಲ್ ಓದಿದರು: ಮೀನಿನ ಪುಡಿ, ಸೀಗಡಿ. ಶಿವ ಶಿವಾ! ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ. ಡಬ್ಬಿ ಸೀದಾ ಕಸಕ್ಕೆ ಹೋಯಿತು. ಬದಲಿಗೆ ಪಾಚಿಯಿಂದ ಮಾಡಿದ ಅಪ್ಪಟ ಸಸ್ಯಾಹಾರಿ ಹಸಿರು ಚೂರು ತರಿಸಿದರು. ಅದು ನೀರಿನ ಮೇಲೆ ತೇಲುತ್ತಿತ್ತು, ಮೇಲಿನವು ಬಾಚಿ ಬಾಚಿ ತಿನ್ನುತ್ತಿದ್ದವು. ನೋಡಲು ಚೆಂದವಾಗಿತ್ತು. ಕೆಳಗಿನವು ತಮ್ಮ ಪಾಡಿಗೆ ಜಲ್ಲಿಕಲ್ಲಿನಲ್ಲಿ ಮೂಗು ಉಜ್ಜಿಕೊಂಡಿದ್ದವು.

ಡಿಸೆಂಬರ್ ಬಂತು. ನಾಲ್ಕೂವರೆಗೆಲ್ಲ ಕತ್ತಲು. ಆ ಹೊತ್ತಿಗೆ ಕೆಳಗಿನಿಂದ ಒಂದು ಸದ್ದು ಬರತೊಡಗಿತು, ಪಾತ್ರೆಯ ತಳವನ್ನು ಚಮಚದಿಂದ ಕೆರೆದ ಹಾಗೆ, ಕರ್ ಕರ್ ಎಂದು. ಸುಲೋಚನಮ್ಮ ಮೆಟ್ಟಿಲ ಬಾಗಿಲು ತೆಗೆದು ನಿಲ್ಲುವರು. ಅದು ನೀರು ಸೋಸುವ ಮೋಟಾರು ಎಂದು ಅವರಿಗೆ ಗೊತ್ತು. ಗೊತ್ತಿದ್ದರೇನು? ಬಾಯಿ ತಾನಾಗಿಯೇ ಕೇಳಿಬಿಡುತ್ತಿತ್ತು, "ಊಟ ಆಯ್ತಾ?" ಕೆಲವು ಸಂಜೆ ಉತ್ತರವೂ ಕೇಳಿಸಿತು. ಮೆಲ್ಲಗೆ, ಸೆರಗಿನಲ್ಲಿ ಬಾಯೊರೆಸಿಕೊಳ್ಳುತ್ತಾ ಹೇಳಿದಂತೆ. ಗಂಡನಿಗೆ ಹೇಳಿದರೆ ಕಿವಿ ಟೆಸ್ಟ್ ಮಾಡಿಸು ಅಂದಾರು ಎಂದು ಸುಮ್ಮನಾದರು.

ಒಂದು ಬೆಳಿಗ್ಗೆ ಮೀಸೆಮೀನೊಂದು ಅಂಗಾತ ಬಿದ್ದಿತ್ತು. ನಾಲ್ಕು ದಿನಕ್ಕೆ ಇನ್ನೊಂದು. ಮೂರನೆಯದನ್ನು ಸುಲೋಚನಮ್ಮ ಜಾಲರಿಯಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಅದರ ಹೊಟ್ಟೆ ಒಳಕ್ಕೆ ಹೋಗಿತ್ತು. ತೂಕವೇ ಇರಲಿಲ್ಲ.

ಅವತ್ತೇ ಪ್ರಭುದೇವನಿಗೆ ಫೋನ್ ಮಾಡಿದರು. ಧಾರವಾಡದವನು, ಭಾನುವಾರದ ಊಟದ ಹಳೇ ಗಿರಾಕಿ. ಹದಿನೆಂಟು ವರ್ಷ ಸಾಫ್ಟ್‌ವೇರ್ ಮಾಡಿ, ಕೆಲಸ ಹೋದಮೇಲೆ ಸಾಕಪ್ಪಾ ಸಾಕು ಎಂದು ಟೋಟೆಮ್ ಲೇಕ್ ಬಳಿ ಮೀನಿನ ಅಂಗಡಿ ಸೇರಿಕೊಂಡಿದ್ದ. ಬಂದವನೇ ತೊಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಟಾರ್ಚ್ ಬಿಟ್ಟ.

"ಅಕ್ಕಾರ, ಇವಕ್ಕ ಏನ್ ಹಾಕ್ತೀರಿ?"

ಸುಲೋಚನಮ್ಮ ಹಸಿರು ಡಬ್ಬಿ ತೋರಿಸಿದರು. ಪ್ರಭುದೇವನಿಗೆ ನಗು ತಡೆಯಲಾಗಲಿಲ್ಲ. "ಅಯ್ಯ, ಮೀನಿಗೂ ಏಕಾದಶಿ ಹಿಡಿಸಿಬಿಟ್ಟೀರಲ್ರಿ!"

"ತಮಾಷೆ ಬೇಡ ಕಣೋ. ಕೆಳಗೆ ಬಿದ್ದಿದ್ದನ್ನ ತಿಂದ್ಕೊಂಡಿರ್ತವೆ ಅಂದ್ರು."

"ಎಲ್ಲಾರೂ ಹಂಗ ಅಂತಾರ್ರಿ. ಕ್ಲೀನ್ ಮಾಡೂ ಮೀನು ಅಂತ ಹೇಳಿ ಒಯ್ತಾರ. ಮ್ಯಾಲಿನವು ಬಿಟ್ರಲ್ಲ ಇವಕ್ಕ ಸಿಗೂದು? ಇವು ಮ್ಯಾಲ ಬಂದು ಕೇಳಂಗಿಲ್ರಿ, ಜಗಳಾ ಮಾಡಂಗಿಲ್ಲ. ಉಂಡಾವೋ ಇಲ್ಲೋ ಅಂತ ನಾವ ಕುಂತು ನೋಡಬೇಕು." ಟಾರ್ಚ್ ಆರಿಸಿ ತಿರುಗಿ ಕೇಳಿದ, "ಒಂದರ ದಿವಸ ನೋಡೀರೇನು?"

ಅವನು ಕೇಳಿದ್ದು ಮೀನಿನ ಮಾತು, ಪಾಪ. ಸುಲೋಚನಮ್ಮ ವಸಂತಕ್ಕನ ಮಂಚದ ಅಂಚನ್ನು ಹಿಡಿದುಕೊಂಡರು. "ಇಲ್ಲ" ಎಂದರು. "ಒಂದು ದಿನಾನೂ ನೋಡ್ಲಿಲ್ಲ." ಹೇಳುತ್ತಿದ್ದಂತೆ ದುಃಖ ಉಕ್ಕಿ ಬಂತು. ಮೂರು ಮೀನಿಗೆ ಇಷ್ಟೊಂದು ಅಳುವುದೇ ಎಂದು ಪ್ರಭುದೇವ ಕಕ್ಕಾಬಿಕ್ಕಿಯಾದ.

ಅವನೇ ಚೂಪು ಜಲ್ಲಿಯನ್ನೆಲ್ಲ ತೆಗೆದು ನಯವಾದ ಮರಳು ಹಾಸಿಕೊಟ್ಟ. ಜಲ್ಲಿಗೆ ಉಜ್ಜಿ ಉಜ್ಜಿ ಮೀಸೆ ಸವೆದಿತ್ತು. ಇವು ಗುಂಪಿನಲ್ಲಿದ್ದರೇ ಧೈರ್ಯವಾಗಿ ತಿನ್ನುವುದು, ಕಡಿಮೆಯೆಂದರೆ ಆರು ಇರಬೇಕು ಎಂದು ಮರುದಿನ ಅಂಗಡಿಗೆ ಬರಹೇಳಿದ. ಅಲ್ಲಿ ಬೆಳ್ಳಿ ಮೈಯ, ಉದ್ದ ಮೀಸೆಯ ಕ್ಯಾಟ್‌ಫಿಶ್ ಒಂದು ಸುಲೋಚನಮ್ಮನ ಕಣ್ಣಿಗೆ ಬಿತ್ತು.

"ಅದು ಬ್ಯಾಡ್ರಿ. ಬಾಯಿ ನೋಡ್ರಿ ಎಷ್ಟ್ ದೊಡ್ಡದೈತಿ. ಮುಂಜಾನೆ ಎದ್ದು ನಿಮ್ಮ ಟೆಟ್ರಾ ಎಣಿಸಿದ್ರ ಎರಡು ಕಡಿಮಿ ಇರ್ತಾವ. ಹತ್ತು ಮೀನಿನ ಜೋಡಿ ಇಡೂದಾದ್ರ ಬಾಯಿ ಸಣ್ಣದಿರಬೇಕು, ಹೊಟ್ಟಿ ದುಂಡಗಿರಬೇಕು, ಮೀಸಿ ಪೂರ್ತಿ ಇರಬೇಕು."

ಹಾಗೆ ಎರಡು ಕೋರಿಗಳನ್ನು ಆರಿಸಿದ. ಮೂರನೆಯದಕ್ಕೆ ಸುಲೋಚನಮ್ಮ ಗಾಜಿಗೆ ಬೆರಳಿಟ್ಟರು. ಮೂಲೆಯಲ್ಲಿ, ಎಲ್ಲಕ್ಕಿಂತ ಹಿಂದೆ, ಹೊಟ್ಟೆ ಬತ್ತಿದ್ದೊಂದು ನಿಂತಿತ್ತು.

"ಅದು ಉಳಿಯೂದು ಡೌಟ್ ಐತ್ರಿ ಅಕ್ಕಾರ."

"ಅದೇ ಬೇಕು."

"ಸತ್ತು ಹೋದ್ರ ಮತ್ತ ನನಗ ಫೋನ್ ಮಾಡಿ ಅಳ್ತೀರಿ ನೀವು."

"ನಾನೇ ಕೂತು ನೋಡ್ತೀನಿ. ಕೊಡೋ ಸುಮ್ನೆ" ಎಂದು ಗದರಿದರು. ಪ್ರಭುದೇವ ತಲೆ ಕೆರೆದುಕೊಳ್ಳುತ್ತಾ ಅದನ್ನೂ ಚೀಲಕ್ಕೆ ಬಿಟ್ಟ. ಜೊತೆಗೆ ಮುಳುಗುವ ಗುಳಿಗೆ, ಮಂಜುಗಟ್ಟಿದ ಕೆಂಪು ಹುಳದ ಪೊಟ್ಟಣ. ಆ ಪೊಟ್ಟಣ ಸುಲೋಚನಮ್ಮನ ಫ್ರೀಜರಿನಲ್ಲಿ ತೆಂಗಿನ ತುರಿಯ ಪಕ್ಕ ಕೂತಿತು. ಆಯಮ್ಮ ಕೈ ತೊಳೆದುಕೊಂಡರು, ಅಷ್ಟೇ.

ಅಲ್ಲಿಂದ ಅವರಿಗೆ ಒಂದೇ ಹಟ. ಆ ಬಡಕಲು ಮೀನು ತಿನ್ನುವುದನ್ನು ಕಣ್ಣಾರೆ ನೋಡಬೇಕು. ಸಂಜೆಯಾದರೆ ತೊಟ್ಟಿಯ ದೀಪ ಆರಿಸಿ, ಮೆಟ್ಟಿಲ ಕಡೆಯ ಮಬ್ಬು ಬೆಳಕೊಂದನ್ನೇ ಉಳಿಸಿ, ಮೇಲಿನವಕ್ಕೆ ಒಂದಿಷ್ಟು ಉದುರಿಸಿ, ತಳಕ್ಕೆ ಹುಳ ಬಿಟ್ಟು ವಸಂತಕ್ಕನ ಕುರ್ಚಿಯಲ್ಲಿ ಕೂರುವರು. ಐದು ಮೀನು ಮರಳು ಕೆದಕುತ್ತಾ ಬಂದು ತಿನ್ನುತ್ತಿದ್ದವು. ಆರನೆಯದು ತೊಟ್ಟಿಯ ಮೂಲೆಯಲ್ಲಿ ಮಗುಚಿಟ್ಟ ತೆಂಗಿನ ಚಿಪ್ಪಿನಡಿ ಅಡಗಿದ್ದು ಆಚೆ ಬರುತ್ತಿರಲಿಲ್ಲ. ಮೊದಲ ದಿನ ಇಲ್ಲ, ಎರಡನೆಯ ದಿನ ಇಲ್ಲ, ವಾರವಾದರೂ ಇಲ್ಲ. ಮಬ್ಬಿನಲ್ಲಿ ಕೂತವರ ಬೆನ್ನ ಹಿಂದೆ ಮಂಚ ಒಮ್ಮೊಮ್ಮೆ ಕಿರ್ರೆನ್ನುವುದು. ತಿರುಗಿ ನೋಡಲು ಧೈರ್ಯವಾಗುತ್ತಿರಲಿಲ್ಲ. "ಇದೊಂದನ್ನ ಉಳಿಸಿಕೊಡಿ ವಸಂತಕ್ಕ" ಎಂದು ಬಾಯಲ್ಲೇ ಅನ್ನುವರು.

ಒಂಬತ್ತನೆಯ ಸಂಜೆ ಗಂಡನಿಗೆ ಮೇಲೆ ಬಡಿಸಿಟ್ಟು, ತಮ್ಮ ತಟ್ಟೆಯನ್ನು ಕೆಳಗೇ ತಂದರು. ತೊಡೆಯ ಮೇಲಿಟ್ಟುಕೊಂಡರೇ ಹೊರತು ತುತ್ತು ಎತ್ತಲಿಲ್ಲ. ಅದು ತಿನ್ನದೆ ತಾವು ಹೇಗೆ ತಿನ್ನುವುದು? ಅನ್ನ ಆರುತ್ತಾ ಬಂತು. ಮೇಲೆ ಕುರ್ಚಿ ಸರಿದ ಸದ್ದಾಯಿತು, ನಲ್ಲಿ ಹರಿಯಿತು. ಮೆಟ್ಟಿಲ ಬಾಗಿಲು ತೆರೆದ ರಾಯರು ಕೂಗಿದರು.

"ಸುಲೂ, ಊಟ ಆಯ್ತಾ?"

"ಆಯ್ತು."

ಬಾಗಿಲು ಮುಚ್ಚಿತು. ಟೀವಿ ಶುರುವಾಯಿತು.

ಸುಲೋಚನಮ್ಮನಿಗೆ ಮೈಯೆಲ್ಲ ಮುಳ್ಳೆದ್ದಿತು. ಉತ್ತರಿಸಿದ ಬಾಯಿ ತಮ್ಮದೇ, ಆ ದನಿ ತಮ್ಮದಾಗಿರಲಿಲ್ಲ. ವಸಂತಕ್ಕನ ಅದೇ ಮೆಲುದನಿ, ಅದೇ ಕೊನೆಯಲ್ಲಿ ಇಳಿಯುವ ಎಳೆತ. ತೊಡೆಯ ಮೇಲೆ ಮುಟ್ಟದ ತಟ್ಟೆ ಹಾಗೇ ಇತ್ತು. ಎಷ್ಟು ಸುಲಭವಾಗಿ ಬಂದುಬಿಟ್ಟಿತು ಆ ಮಾತು! ಎಷ್ಟು ಸುಲಭವಾಗಿ ರಾಯರು ನಂಬಿ ಹೋದರು! ಇದೇ ಕುರ್ಚಿಯಲ್ಲಿ ಕೂತು ವಸಂತಕ್ಕ ದಿನಾ ಆ ಬಾಗಿಲು ಮುಚ್ಚುವುದನ್ನು ಕೇಳಿಸಿಕೊಂಡಿದ್ದರು. ಇನ್ನೊಂದೇ ಒಂದು ಸಲ ಯಾರಾದರೂ ಕೇಳಿದ್ದರೆ ನಿಜ ಹೇಳುತ್ತಿದ್ದರೇನೋ. ಎರಡು ಮೆಟ್ಟಿಲು ಇಳಿದಿದ್ದರೂ ಸಾಕಿತ್ತು.

ತಟ್ಟೆಯನ್ನು ಕುರ್ಚಿಯ ಮೇಲಿಟ್ಟು ಮೇಲೆ ಹೋದರು. ಟೀವಿ ಆರಿಸಿ ಗಂಡನ ಎದುರು ನಿಂತರು.

"ಸುಳ್ಳು ಹೇಳ್ದೆ ಕಣ್ರೀ. ನಂದು ಊಟ ಆಗಿಲ್ಲ. ನೀವು ಕೆಳಗೆ ಬರ್ಬೇಕು."

ರಾಯರು ಹೆಂಡತಿಯ ಮುಖವನ್ನೇ ನೋಡಿದರು. ಮೂರು ವರ್ಷದ ಮೇಲೆ ಕಟಾಂಜನ ಹಿಡಿದುಕೊಂಡು ಒಂದೊಂದೇ ಮೆಟ್ಟಿಲಿಳಿದರು. ಅಕ್ಕನ ಮಂಚದ ತುದಿಯಲ್ಲಿ, ಮುಟ್ಟಿದರೆ ಎಲ್ಲಿ ಎಚ್ಚರಾಗುವಳೋ ಎನ್ನುವಂತೆ ಕೂತರು. ಇಬ್ಬರೂ ತೊಟ್ಟಿಯ ತಳ ನೋಡುತ್ತಿದ್ದರು. ಎಷ್ಟು ಹೊತ್ತಾಯಿತೋ, ಚಿಪ್ಪಿನ ಅಂಚಿನಲ್ಲಿ ಒಂದು ಮೀಸೆ ಅಲ್ಲಾಡಿತು. ಬಡಕಲು ಮೀನು ಹೊರಗೆ ಬಂತು. ನಿಂತಿತು. ಮತ್ತೆ ಒಂದಿಷ್ಟು ಬಂತು. ಮರಳಿಗೆ ಮೂಗು ಒತ್ತಿ ಒಂದು ಹುಳವನ್ನು ಹುಡುಕಿಕೊಂಡು ನುಂಗಿತು. ಇನ್ನೊಂದು ಹುಡುಕಿತು.

ಸುಲೋಚನಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ರಾಯರು ತೊಟ್ಟಿಯಿಂದ ಕಣ್ಣು ತೆಗೆಯದೆ ಕೇಳಿದರು.

"ಅಕ್ಕಂಗೆ ಯಾವಾಗಿಂದ ನುಂಗೋಕಾಗ್ತಿರ್ಲಿಲ್ಲ, ಸುಲೂ?"

"ಗೊತ್ತಿಲ್ಲ ಕಣ್ರೀ" ಎಂದರು ಸುಲೋಚನಮ್ಮ. "ನಾವು ನೋಡ್ಲಿಲ್ಲ."

ರಾಯರು ತಲೆಯಾಡಿಸಿದರು. ಕೈ ಚಾಚಿ ಕುರ್ಚಿಯ ಮೇಲಿದ್ದ ತಟ್ಟೆಯನ್ನು ಎತ್ತಿ ಹೆಂಡತಿಯ ಕೈಗಿಟ್ಟರು. ಅನ್ನ ಪೂರ್ತಿ ಆರಿಹೋಗಿತ್ತು. ಸುಲೋಚನಮ್ಮ ಕಲಸಿ ಮೊದಲ ತುತ್ತು ಬಾಯಿಗಿಟ್ಟರು. ಅದು ಗಂಟಲಿಳಿಯುವವರೆಗೂ ರಾಯರು ಅವರನ್ನೇ ನೋಡುತ್ತಾ ಕೂತಿದ್ದರು.