ಟೂರ್ ಪೇಷೆಂಟು

ಆ ನರ್ಸಿಂಗ್ ಹೋಮಿನಲ್ಲಿ ದೊಡ್ಡ ಡಾಕ್ಟರಿಂದ ಹಿಡಿದು ಔಷಧಿ ಅಂಗಡಿಯವನವರೆಗೆ ಎಲ್ಲರೂ ಅವಳನ್ನು ಆಯಮ್ಮ ಎಂದೇ ಕರೆಯುವುದು. ಹಾಸಿಗೆಯ ಬಟ್ಟೆ ಬದಲಿಸುವುದು, ಬೆಡ್ ಪ್ಯಾನ್ ಇಡುವುದು ತೆಗೆಯುವುದು, ಮುದುಕಿಯರ ಬೆನ್ನಿಗೆ ಪೌಡರ್ ಹಚ್ಚಿ ಮಗ್ಗುಲು ಬದಲಿಸುವುದು, ಡಾಕ್ಟರು ಬೈದರೆ ತಲೆ ತಗ್ಗಿಸಿ ನಿಲ್ಲುವುದು, ಅವರು ಆಚೆ ಹೋದಮೇಲೆ ಅವರ ಹಾಗೆಯೇ ಹೊಟ್ಟೆ ಮುಂದೆ ಮಾಡಿ ನಡೆದು ಇಡೀ ವಾರ್ಡನ್ನು ನಗಿಸುವುದು, ಇದಿಷ್ಟೂ ಅವಳ ಕೆಲಸ. ಬಾಯಿ ಜೋರು, ಕೈ ಮಾತ್ರ ಮೆತ್ತಗೆ.

ಸ್ಕೂಲಿಗೆ ರಜ ಬಿಟ್ಟಿತೆಂದರೆ ಆ ವಾರ್ಡಿಗೆ ಬೇರೆಯದೇ ಥರದ ರೋಗಿಗಳು ಬರುತ್ತಾರೆ. ಜ್ವರವಿಲ್ಲ, ಗಾಯವಿಲ್ಲ, ಉಂಡದ್ದೆಲ್ಲ ಅರಗುತ್ತದೆ. ಆದರೂ ಮಗನೋ ಸೊಸೆಯೋ ಕೈಹಿಡಿದು ಕರೆತಂದು, "ಯಾಕೋ ತುಂಬ ವೀಕ್ ಆಗಿದ್ದಾರೆ ಡಾಕ್ಟ್ರೇ, ಒಂದಷ್ಟು ದಿನ ಇಟ್ಕೊಂಡು ನೋಡಿ" ಅನ್ನುತ್ತಾರೆ. ಖಾಲಿ ಹಾಸಿಗೆ ಯಾವ ಡಾಕ್ಟರಿಗೆ ಬೇಕು? ಇಟ್ಟುಕೊಳ್ಳುತ್ತಾರೆ. ಮಾರನೆಯ ದಿನಕ್ಕೆಲ್ಲ ಆ ಮಗ, ಸೊಸೆ, ಮಕ್ಕಳು ಯಾವುದೋ ಬೆಟ್ಟದ ಮೇಲೆ ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ. ಇಂಥವರಿಗೆ ಆಯಮ್ಮ ಇಟ್ಟ ಹೆಸರು ಟೂರ್ ಪೇಷೆಂಟು. ಸಂಜೆ ಮನೆಗೆ ಬಂದು ಸೀರೆ ಬದಲಿಸಿ, ಒಲೆಯ ಮೇಲೆ ಅನ್ನಕ್ಕಿಟ್ಟು, ಅವರ ಕಥೆಗಳನ್ನೆಲ್ಲ ಅತ್ತೆಯ ಮುಂದೆ ಬಿಚ್ಚುತ್ತಿದ್ದಳು. ಅತ್ತೆ ಮಂಡಿ ನೀವಿಕೊಳ್ಳುತ್ತಾ ಕೇಳುವಳು. "ಅಯ್ಯೋ, ಎಂಥಾ ಮಕ್ಕಳೇ ಅವು! ಹೆತ್ತ ಹೊಟ್ಟೆ ತಣ್ಣಗಿರುತ್ತಾ?" ಎಂದು ಶಾಪ ಹಾಕಿ, "ನನ್ನ ಮಗ ಅಂಥವನಲ್ಲಪ್ಪ" ಎಂಬ ಮಾತೊಂದನ್ನು ಸೇರಿಸದೆ ಏಳುತ್ತಿರಲಿಲ್ಲ.

ಈ ವರ್ಷ ಟೂರಿನ ಗಾಳಿ ಅವರ ಮನೆಗೇ ಬೀಸಿತು. ಗಂಡ ಮನೆಗಳಿಗೆ ಬಣ್ಣ ಬಳಿಯುವವ. ಮದುವೆಯಾದಾಗಿನಿಂದ ಒಂದು ದಿನ ಎಲ್ಲಿಗೂ ಕರೆದುಕೊಂಡು ಹೋದವನಲ್ಲ. ಅವನು ಅದೇನು ಹೊಕ್ಕಿತೋ ತಲೆಗೆ, ಸಮುದ್ರ ತೋರಿಸುತ್ತೇನೆಂದು ಮಕ್ಕಳಿಗೆ ಮಾತು ಕೊಟ್ಟು, ನಾಲ್ಕು ಜನಕ್ಕೆ ರೈಲಿನ ಟಿಕೆಟ್ ಮಾಡಿಸಿಯೇ ಬಂದ. ಮಗಳು ಅಟ್ಲಾಸು ಹರಡಿಕೊಂಡು, ಈ ತುದಿಯಲ್ಲಿದ್ದ ತಮ್ಮ ಊರಿಂದ ಆ ತುದಿಯ ನೀಲಿ ಬಣ್ಣದವರೆಗೆ ಪೆನ್ಸಿಲಿನಲ್ಲಿ ಗೆರೆ ಎಳೆದಳು. ಚಿಕ್ಕವನು ಮರಳಾಟಕ್ಕೆಂದು ತಂದ ಪ್ಲಾಸ್ಟಿಕ್ ಬಕೆಟ್ಟನ್ನು ತಬ್ಬಿಕೊಂಡೇ ಮಲಗತೊಡಗಿದ. ಕಿಟಕಿ ಪಕ್ಕದ ಸೀಟು ಯಾರಿಗೆಂದು ಇಬ್ಬರಿಗೂ ದಿನಾ ಕೂದಲು ಹಿಡಿದ ಜಗಳ. ಆಯಮ್ಮನಿಗೂ ಆಸೆಯಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೊಳೆ ಬಟ್ಟೆಯ ವಾಸನೆಯಿಲ್ಲದ ಒಂದು ಗಾಳಿಯನ್ನು ಎದೆ ತುಂಬ ಎಳೆದುಕೊಳ್ಳಬೇಕು ಎಂದು ಅವಳ ಜೀವ ಹಂಬಲಿಸುತ್ತಿತ್ತು.

ನಾಲ್ಕು ಜನಕ್ಕೆ ಟಿಕೆಟ್, ಮನೆಯಲ್ಲಿರುವುದು ಐದು ಜನ. ಅತ್ತೆಗೆ ಮಂಡಿ ಮಡಚಲು ಬರುವುದಿಲ್ಲ, ರೈಲಿನ ಮೆಟ್ಟಿಲು ಹತ್ತುವುದು ಕನಸಿನ ಮಾತು. ನೀರು ಕಾಯಿಸಿಕೊಡಬೇಕು, ಸ್ನಾನದ ಮನೆಗೆ ತೋಳು ಹಿಡಿದು ಕರೆದೊಯ್ಯಬೇಕು. ಒಂಟಿಯಾಗಿ ಬಿಡುವ ಹಾಗಿಲ್ಲ. ಆಯಮ್ಮ ನಾದಿನಿಗೆ ಫೋನು ಮಾಡಿದಳು.

"ಅಯ್ಯೋ ಅತ್ತಿಗೆ, ನಮ್ಮ ಮಕ್ಕಳಿಗೂ ರಜ ಅಲ್ವಾ? ನಾವೂ ಹೊರಟಿದ್ದೀವಿ" ಎಂದಳು ನಾದಿನಿ. ಪಕ್ಕದ ಮನೆಯವಳನ್ನು ಕೇಳಿದರೆ, ಬೇಕಾದರೆ ಬೀಗದ ಕೈ ಕೊಟ್ಟು ಹೋಗಿ, ಗಿಡಕ್ಕೆ ನೀರು ಹಾಕುತ್ತೇನೆ, ಅಷ್ಟು ಮಾತ್ರ ಆಗುತ್ತೆ ಎಂದಳು. ಗಂಡನನ್ನು ಕೇಳಿದರೆ, "ನೋಡು, ಅಮ್ಮ ಅಂದ್ರೆ ನಂಗೆ ಪ್ರಾಣ. ಅಮ್ಮನ ಕಣ್ಣಲ್ಲಿ ನೀರು ಬರಬಾರ್ದು. ಮಕ್ಕಳಿಗೂ ನಿರಾಸೆ ಆಗಬಾರ್ದು. ನೀನೇ ಏನಾದ್ರೂ ಒಂದು ವ್ಯವಸ್ಥೆ ಮಾಡು" ಎಂದು ಗೋಡೆಯ ಕಡೆಗೆ ಮಗ್ಗುಲಾದ. ನೋಡಿ, ಒಳ್ಳೆಯ ಮಾತೆಲ್ಲ ಅವನ ಪಾಲಿಗೆ, ವ್ಯವಸ್ಥೆ ಮಾತ್ರ ಇವಳ ಪಾಲಿಗೆ!

ಆಯಮ್ಮನಿಗೆ ಗೊತ್ತಿದ್ದ ವ್ಯವಸ್ಥೆ ಒಂದೇ. ಹೊರಡುವ ಹಿಂದಿನ ದಿನ, ಗಂಡ ಕೆಲಸಕ್ಕೆ ಹೋದಮೇಲೆ, ಅತ್ತೆಯ ತಲೆ ಬಾಚುತ್ತಾ ಹೇಳಿದಳು. "ಅತ್ತೆ, ಯಾಕೋ ನೀವು ಸೊರಗಿದ್ದೀರ. ನಮ್ಮ ಆಸ್ಪತ್ರೆಗೇ ಹೋಗಿ ತೋರಿಸೋಣ. ಎದೆನೋವು ಅಂದ್ರೆ ದೊಡ್ಡಾಸ್ಪತ್ರೆಗೆ ಕಳಿಸ್ತಾರೆ, ಜ್ವರ ಅಂದ್ರೆ ಥರ್ಮಾಮೀಟರ್ ಇಡ್ತಾರೆ. ತಲೆ ಸುತ್ತುತ್ತೆ ಅಂತ ಅನ್ನಿ. ಅದನ್ನ ಅಳೆಯೋ ಮಿಷನ್ನು ನಮ್ಮಲ್ಲಿಲ್ಲ."

ಮುದುಕಿ, "ಹಾಗಾದ್ರೆ ನಾನೂ ಟೂರ್ ಪೇಷೆಂಟ್ ಆದೆ ಅನ್ನು" ಎಂದಳು.

ಆಯಮ್ಮನ ಕೈಯಲ್ಲಿದ್ದ ಬಾಚಣಿಗೆ ಅಲ್ಲೇ ನಿಂತಿತು. ಅವಮಾನದಿಂದ ಕಿವಿಯೆಲ್ಲ ಬಿಸಿಯಾಯಿತು. "ಹಾಗಲ್ಲ ಅತ್ತೆ..." ಎಂದಳು.

"ಇರಲಿ ಬಿಡೇ, ನನಗೇನು ಗೊತ್ತಾಗಲ್ವಾ? ಇದು ನನ್ನ ಮಗನಿಗೆ ಗೊತ್ತಾ?"

"ಇಲ್ಲ."

"ಗೊತ್ತಾದ್ರೆ ನಿನ್ನ ಸುಮ್ಮನೆ ಬಿಡಲ್ಲ ಅವನು. ಬಂದು ನನ್ನ ಎತ್ಕೊಂಡಾದ್ರೂ ಮನೆಗೆ ಕರ್ಕೊಂಡು ಹೋಗ್ತಾನೆ. ನಡಿ, ಎಲ್ಲಿಗೆ ಬರಬೇಕು ಹೇಳು" ಎಂದು ಮುದುಕಿ ಗೋಡೆ ಹಿಡಿದು ಎದ್ದಳು. ಅವಳ ಮುಖದಲ್ಲಿ ಭಯ ಒಂದಿಷ್ಟೂ ಇರಲಿಲ್ಲ. ಭಯವಾಗಿದ್ದು ಸೊಸೆಗೆ.

ಡಾಕ್ಟರು ಬಿಪಿ ನೋಡಿ, ರಕ್ತ ತೆಗೆಸಿ, ಕಿಟಕಿಯ ಹತ್ತಿರದ ಹಾಸಿಗೆ ಕೊಟ್ಟರು. ಆಯಮ್ಮ ದಿನಾ ಯಾರ್ಯಾರಿಗೋ ಹಾಸುವ ಬಿಳಿ ಬಟ್ಟೆಯನ್ನು ಅತ್ತೆಗೆ ಹಾಸಿದಳು. ಸುಕ್ಕು ತೆಗೆದದ್ದೇ ತೆಗೆದದ್ದು. ಎಲ್ಲ ಮುಗಿದ ಮೇಲೆ ಗಂಡನಿಗೆ ಫೋನು ಮಾಡಿ, ಅತ್ತೆಗೆ ತಲೆಸುತ್ತು ಬಂತು, ಸೇರಿಸಿದ್ದೇವೆ, ಗಾಬರಿ ಬೇಡ, ನಮ್ಮವರೇ ನೋಡಿಕೊಳ್ಳುತ್ತಾರೆ ಎಂದು ಪಾಠ ಒಪ್ಪಿಸಿದಳು. ಊರವರ ಇಂಥ ಸುಳ್ಳುಗಳನ್ನೆಲ್ಲ ಕಂಡು ಪಳಗಿದವಳು, ವ್ಯವಸ್ಥೆ ಎಂದರೆ ಇದೇ ಎಂದು ಗಂಡನಿಗೂ ಹೊಳೆಯುತ್ತದೆ ಅಂದುಕೊಂಡಿದ್ದಳೇ ಹೊರತು, ಅವನು ಅದನ್ನು ನಿಜವೆಂದೇ ನಂಬಿಬಿಡಬಹುದು ಎಂದು ಯೋಚಿಸಿರಲಿಲ್ಲ.

ಅವನು ಬಿದ್ದಂಬೀಳ ಓಡಿ ಬಂದ. ಮೊಣಕೈವರೆಗೆ ಸುಣ್ಣ, ರೆಪ್ಪೆಯ ಮೇಲೆಲ್ಲ ಹಳದಿ ಬಣ್ಣದ ಚುಕ್ಕೆ. ತಾಯಿಯ ಹಾಸಿಗೆಯ ಹತ್ತಿರ ನಿಂತವನೇ ಮಕ್ಕಳ ಹಾಗೆ ಅತ್ತುಬಿಟ್ಟ.

"ಏನಾಯ್ತಮ್ಮಾ ನಿಂಗೆ? ಹಾಳಾಗಿ ಹೋಗ್ಲಿ ಈ ಟೂರು. ಈಗಲೇ ಹೋಗಿ ಟಿಕೆಟ್ ಕ್ಯಾನ್ಸಲ್ ಮಾಡ್ತೀನಿ. ನಿನ್ನ ಈ ಸ್ಥಿತೀಲಿ ಬಿಟ್ಟು ಹೋಗ್ತೀನಾ ನಾನು?"

ಮುದುಕಿಯ ಮುಖ ಅರಳಿತು. ಎದುರು ಹಾಸಿಗೆಯವಳಿಗೂ, ಡ್ರಿಪ್ ಹಿಡಿದು ನಿಂತಿದ್ದ ನರ್ಸಿಗೂ ಕೇಳಿಸಿತೋ ಇಲ್ಲವೋ ಎಂದು ಆಚೀಚೆ ನೋಡಿದಳು. ಕೊನೆಗೆ ಸೊಸೆಯ ಕಡೆ ತಿರುಗಿದಳು. ನಾನು ಹೇಳಿರಲಿಲ್ಲವಾ ಎಂಬ ನೋಟ ಅದು. ಆಯಮ್ಮನಿಗೆ ನಾಚಿಕೆಯ ಜೊತೆಗೇ ಎಂಥದೋ ನೆಮ್ಮದಿಯೂ ಆಯಿತು. ಸಮುದ್ರ ಹೋದರೆ ಹೋಗಲಿ, ತನ್ನ ಗಂಡ ಮನುಷ್ಯ ಅಂತಾದರೂ ಆಯಿತಲ್ಲ.

"ಅಳಬೇಡ ಕಣೋ" ಎಂದಳು ಮುದುಕಿ. ಗೆದ್ದವಳ ಧಾರಾಳತನ ಅವಳ ದನಿಯಲ್ಲಿತ್ತು. "ನಂಗೇನೂ ಆಗಿಲ್ಲ, ಗುಂಡುಕಲ್ಲಿನ ಹಾಗಿದ್ದೀನಿ. ನೀವು ಹೋಗಿ ಬರೋವರೆಗೂ ಇಲ್ಲಿ ಬಿದ್ದಿರಲಿ ಅಂತ ನಿನ್ನ ಹೆಂಡ್ತಿ ಮಲಗಿಸಿದ್ದಾಳೆ ಅಷ್ಟೆ. ಅವಳನ್ನ ಏನೂ ಅನ್ನಬೇಡ, ಪಾಪ, ಅವಳಿಗೂ ದಾರಿ ಕಾಣಲಿಲ್ಲ. ನಡಿ, ಮನೆಗೆ ಹೋಗೋಣ." ಮಂಚದಿಂದ ಕಾಲು ಇಳಿಬಿಟ್ಟು, ಇಳಿಸಿಕೊಳ್ಳಲೆಂದು ಅವನತ್ತ ಕೈ ಚಾಚಿದಳು.

ಅವನು ಹೆಂಡತಿಯತ್ತ ನೋಡಿದ. ಬೈಯಲಿ, ಎಲ್ಲರೆದುರಿಗೇ ಕೆನ್ನೆಗೆ ಬಾರಿಸಲಿ ಎಂದು ಆಯಮ್ಮ ಕಾಯುತ್ತಾ ನಿಂತಳು.

"ನಿಜವಾಗ್ಲೂ ಏನೂ ಇಲ್ವಾ?" ಎಂದು ಕೇಳಿದ.

"ಇಲ್ಲ. ಎಲ್ಲ ನಾನೇ ಕಟ್ಟಿದ್ದು."

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡು ಉಸ್ಸೆಂದು ಉಸಿರು ಬಿಟ್ಟ. ಆಮೇಲೆ ನಕ್ಕ.

"ಅಬ್ಬಾ, ಸದ್ಯ! ನನ್ನ ಜೀವಾನೇ ಬಾಯಿಗೆ ಬಂದಿತ್ತು. ಮೊದಲೇ ಹೇಳೋದಲ್ವೇನೇ? ಹಾಗಾದ್ರೆ ಕ್ಯಾನ್ಸಲ್ ಮಾಡೋದು ಬೇಡ ಬಿಡು." ತಾಯಿಯ ಕಡೆ ಬಾಗಿದ. "ಇಲ್ಲೇ ಇರಮ್ಮ. ಫ್ಯಾನಿದೆ, ಹೊತ್ತು ಹೊತ್ತಿಗೆ ಊಟ ಬರುತ್ತೆ, ಇವಳ ಜೊತೆಯವರೆಲ್ಲ ಇದ್ದಾರೆ. ಮನೆಗಿಂತ ಚೆನ್ನಾಗಿದೆ. ಮಕ್ಕಳು ಪಾಪ ಆಸೆ ಇಟ್ಕೊಂಡಿದ್ದಾವೆ."

ಮುದುಕಿಯ ಚಾಚಿದ ಕೈ ಹಾಗೇ ಇತ್ತು. ಅದನ್ನು ಯಾರಾದರೂ ಹಿಡಿಯಬೇಕಿತ್ತು. ಆಯಮ್ಮ ಹಿಡಿಯಲು ಹೋದಾಗ ಅವಳು ಮೆಲ್ಲನೆ ಹಿಂದಕ್ಕೆಳೆದುಕೊಂಡಳು. ಮಗ ಆಗಲೇ ಎದ್ದು, ಹೊರಗಿನ ಪ್ಯಾಸೇಜಿನಲ್ಲಿ ಫೋನು ಹಿಡಿದು ನಿಂತಿದ್ದ. "ಹೂಂ ಪುಟ್ಟಿ, ಹೋಗ್ತಾ ಇದ್ದೀವಿ. ಅಜ್ಜಿಗೆ ಏನೂ ಆಗಿಲ್ಲ. ನೀನು ಬಟ್ಟೆ ತುಂಬಿಡು" ಎನ್ನುವುದು ಒಳಗಿನವರಿಗೆಲ್ಲ ಕೇಳಿಸುತ್ತಿತ್ತು. ಎದುರು ಹಾಸಿಗೆಯವಳು ಮುಖ ತಿರುಗಿಸಿಕೊಂಡಳು.

ಮುದುಕಿ ತನ್ನೆರಡು ಕಾಲನ್ನೂ ಕೈಯಿಂದಲೇ ಒಂದೊಂದಾಗಿ ಎತ್ತಿ ಹಾಸಿಗೆಯ ಮೇಲಿಟ್ಟುಕೊಂಡಳು.

"ರೈಲು ಎಷ್ಟು ಹೊತ್ತಿಗೇ?" ಎಂದು ಕೇಳಿದಳು.

ಆಯಮ್ಮ ಬಗ್ಗಿ, ಹಾಸಿಗೆಯ ಬಟ್ಟೆಯಲ್ಲಿ ಇಲ್ಲದ ಸುಕ್ಕನ್ನು ತೆಗೆಯತೊಡಗಿದಳು.